ಬಿಡುವುದಲ್ಲ, ಬಿಚ್ಚುವುದು

ಹೇಳದೆ ಯಾರ ಮೈಯನ್ನೂ ಮುಟ್ಟಿದವರಲ್ಲ ಸಿಸ್ಟರಮ್ಮ. ಸೂಜಿ ಚುಚ್ಚುವ ಮುನ್ನ "ಈಗ ಚುಚ್ತೀನಿ" ಎನ್ನುವುದು ದಾದಿಯರೆಲ್ಲರ ವಾಡಿಕೆ ಇರಬಹುದು. ಇವರು ಮಾತ್ರ "ಈಗ ದಿಂಬು ತೆಗೀತೀನಿ, ಈಗ ಕಿಟಕಿ ಹಾಕ್ತೀನಿ, ಈಗ ನಿಮ್ಮನ್ನ ಗೋಡೆ ಕಡೆ ಹೊರಳಿಸ್ತೀನಿ, ಈಗ ಸ್ವಲ್ಪ ಬೈತೀನಿ" ಎಂದು ತಮ್ಮ ಪ್ರತಿಯೊಂದು ಕ್ರಿಯೆಗೂ ಮುನ್ಸೂಚನೆ ಕೊಟ್ಟು, ಕೊಟ್ಟ ಸೂಚನೆಗೆ ಸರಿಯಾಗಿ ನಡೆದುಕೊಳ್ಳುತ್ತಿದ್ದರು, ಬೈಯುವುದನ್ನೂ ಸೇರಿಸಿ. ಹಾಸಿಗೆ ಹಿಡಿದವನ ದೇಹ ಬಂದುಹೋದವರೆಲ್ಲ ಎತ್ತಿಡಬಹುದಾದ ಸಾಮಾನಾಗಿಬಿಡುವ ಲೋಕದಲ್ಲಿ ಆ ಒಂದೊಂದು ವಾಕ್ಯವೂ ಎಂಥ ಮರ್ಯಾದೆಯೆಂಬುದು ಮಲಗಿದವರಿಗಷ್ಟೇ ಗೊತ್ತು.

ನನಗೆ ಅದು ಗೊತ್ತಾದದ್ದು ನನ್ನ ಸೋದರಮಾವನಿಂದ. ಮೂವತ್ತೊಂದು ವರ್ಷ ಬಸ್ಸು ಓಡಿಸಿದ ಮನುಷ್ಯ, ನಿವೃತ್ತನಾದ ಮರುವರ್ಷವೇ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು, ಬೀದಿಗೆ ತೆರೆದ ಕಿಟಕಿಯ ಪಕ್ಕದ ಮಂಚ ಹಿಡಿದ. ಮಲಗಿ ಮಲಗಿ ಬೆನ್ನ ಬುಡದಲ್ಲಿ ಅಂಗೈಯಗಲದ ಹುಣ್ಣಾಯಿತು. ಸಿಸ್ಟರಮ್ಮ ದಿನ ಬಿಟ್ಟು ದಿನ ಬಂದು, ತೊಳೆದು, ಹೊಸ ಪಟ್ಟಿ ಹಾಕಿ, ಏಳು ತಿಂಗಳಲ್ಲಿ ಅದನ್ನು ಹೆಬ್ಬೆರಳಿನ ಉಗುರಿನಷ್ಟಕ್ಕೆ ಇಳಿಸಿದ್ದರು. ಅವರ ವಯಸ್ಸು ಐವತ್ತಮೂರು. ಇಪ್ಪತ್ತಾರು ವರ್ಷ ಔಷಧಿಯ ಚೀಲ ಹೊತ್ತು ಬಲಭುಜ ಎಡಭುಜಕ್ಕಿಂತ ಎರಡು ಬೆರಳು ಕೆಳಗೆ ಇಳಿದಿತ್ತು. ಹಾಗಾಗಿ ಬರಿಗೈಯಲ್ಲಿ ನಡೆದರೂ ಏನೋ ಹೊತ್ತವರಂತೆಯೇ ಕಾಣುತ್ತಿದ್ದರು. ಬಿಳಿ ಕೋಟಿನ ತೋಳನ್ನು ಮೊಣಕೈವರೆಗೆ ಮಡಚಿ, ಮಡಿಕೆ ಜಾರದಂತೆ ಒಂದೊಂದು ಪಿನ್ನು ಚುಚ್ಚಿರುತ್ತಿದ್ದರು. ಆ ಪಿನ್ನು ಓರೆಯಾಗಿದ್ದದ್ದನ್ನು ನಾನೊಂದು ದಿನವೂ ಕಂಡಿಲ್ಲ.

ದಾದಿಯರನ್ನು ಮನೆಮನೆಗೆ ಇಳಿಸಿ ಬರಲು ಆಸ್ಪತ್ರೆಯ ವ್ಯಾನೊಂದಿತ್ತು. ವ್ಯಾನು ದುಬಾರಿ ಎಂದು ಯಾರಿಗೋ ಹೊಳೆಯಿತು. ಇಂಥವು ಯಾವಾಗಲೂ ವ್ಯಾನಿನಲ್ಲಿ ಓಡಾಡದವರಿಗೇ ಹೊಳೆಯುತ್ತವೆ. ಯಾವುದೋ ಇಲಾಖೆ ಬಳಸಿ ಎಸೆದ ಗೇರಿನ ಮೋಟಾರ್ ಸೈಕಲ್ಲುಗಳನ್ನು ತರಿಸಿ ಅಂಗಳದಲ್ಲಿ ನಿಲ್ಲಿಸಿ, ಆದೇಶ ಹೊರಡಿಸಿದರು: ತಿಂಗಳೊಳಗೆ ಲೈಸೆನ್ಸ್ ತಂದವರ ಮನೆಮನೆ ಸುತ್ತು ಅವರಿಗೇ ಉಳಿಯುತ್ತದೆ, ತರದವರು ಔಷಧಿ ಉಗ್ರಾಣಕ್ಕೆ. ಉಗ್ರಾಣಕ್ಕೆ ಹೋದವರ ರೋಗಿಗಳನ್ನು ಮಿಕ್ಕವರಿಗೆ ಹಂಚಲಾಗುವುದು, ದಿನ ಬಿಟ್ಟು ದಿನ ಬದಲಾಗುತ್ತಿದ್ದ ಗಾಯದ ಪಟ್ಟಿ ವಾರಕ್ಕೊಮ್ಮೆ ಬದಲಾಗುವುದು. ಸಿಸ್ಟರಮ್ಮನ ಸುತ್ತಿನಲ್ಲಿ ಹನ್ನೊಂದು ಮನೆಗಳಿದ್ದವು. ವಾರಕ್ಕೊಂದು ಪಟ್ಟಿಯಾದರೆ ಮಾವನ ಹುಣ್ಣು ಮತ್ತೆ ಅಂಗೈಯಗಲವಾಗಲು ಎಷ್ಟು ದಿನ ಬೇಕೆಂದು ನಾನು ಕೇಳಿದೆ. "ಎರಡು ತಿಂಗಳು ಧಾರಾಳವಾಯ್ತು" ಎಂದರು.

ಓದನ್ನು ಅರ್ಧಕ್ಕೇ ಬಿಟ್ಟು ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತ ಬರವಣಿಗೆ ಕಲಿತವನು ನಾನು. ಸಿಟ್ಟು ಬಂದರೆ ಊರಿನ ಪತ್ರಿಕೆಯ ನನ್ನ ಅಂಕಣ ತಾನಾಗಿಯೇ ಬರೆದುಕೊಳ್ಳುತ್ತದೆ. ಐವತ್ತು ದಾಟಿದ ಹೆಣ್ಣುಮಗಳು, ಸೈಕಲ್ಲೂ ತುಳಿದವಳಲ್ಲ, ಅವಳ ಕೈಗೆ ಗೇರಿನ ಗಾಡಿ ಕೊಟ್ಟು ಓಡಿಸೆನ್ನುವುದು ಅಮಾನುಷ, ಅದು ಅವಳಿಂದ ಸಾಧ್ಯವೇ ಇಲ್ಲ ಎಂದು ಒಂದೇ ಉಸಿರಿಗೆ ಬರೆದು, ಅಚ್ಚಾದ ಮೇಲೆ ಎರಡೆರಡು ಸಲ ಓದಿಕೊಂಡು ಬೀಗಿದ್ದೆ. ಮೂರನೆಯ ದಿನ ಸಿಸ್ಟರಮ್ಮ ಬಂದು, ಮಾವನ ಪಟ್ಟಿ ಮುಗಿಸಿ, ಕೈ ತೊಳೆದು, "ಅಣ್ಣಾ, ಈಗ ನಿಮ್ಮ ಅಳಿಯನಿಗೆ ಬೈತೀನಿ" ಎಂದು ಆತನಿಗೆ ತಿಳಿಸಿ ನನ್ನ ಕಡೆ ತಿರುಗಿದರು.

"ನೀವು ಬರೆದದ್ದನ್ನ ನಮ್ಮ ಆಸ್ಪತ್ರೆ ಸಾಹೇಬ್ರು ಕತ್ತರಿಸಿ ಇಟ್ಕೊಂಡಿದ್ದಾರೆ. 'ನಿಮ್ಮ ಕಡೆಯವರೇ ಬರೆದಿದ್ದಾರಲ್ಲಮ್ಮ, ನಿಮ್ಮಿಂದ ಆಗೋದಿಲ್ಲ ಅಂತ. ಸುಮ್ನೆ ಯಾಕೆ ತಿಂಗಳು ಕಾಯೋದು? ಉಗ್ರಾಣದಲ್ಲಿ ಫ್ಯಾನಿದೆ, ಆರಾಮಾಗಿರಿ' ಅಂದ್ರು. ನನ್ನಿಂದ ಆಗೋದಿಲ್ಲ ಅಂತ ನಾನು ನಿಮಗೆ ಹೇಳಿದ್ನಾ?"

"ಇಲ್ಲ."

"ನೀವು ಕೇಳಿದ್ರಾ?"

ಕೇಳಿರಲಿಲ್ಲ. ದಿಂಬು ತೆಗೆಯಲೂ ಹೇಳಿ ತೆಗೆಯುವ ಹೆಂಗಸನ್ನು ನಾನು ಒಂದು ಮಾತೂ ಕೇಳದೆ ಊರೆದುರು ಹೊರಳಿಸಿ ಮಲಗಿಸಿದ್ದೆ. ಆಡಳಿತದವರ ಕ್ರೌರ್ಯವನ್ನು ಬಯಲಿಗೆಳೆಯಲು ಹೊರಟ ನನ್ನ ಲೇಖನಿ, ಅವರಿಗೆ ಬೇಕಾಗಿದ್ದ ನೆವವನ್ನು ಹೊಂದಿಸಿ ಕೊಟ್ಟಿತ್ತು. ಮಂಚದ ಮೇಲಿಂದ ಮಾವ, "ಇನ್ನಷ್ಟು ಬೈರಿ ತಾಯಿ, ನನ್ನ ಪಾಲಿಂದೂ ಇದೆ" ಎಂದ.

ಮುಂದಿನ ಸುತ್ತಿನಿಂದ ಕಲಿಕೆ ಶುರು. ನಮ್ಮದು ಸುತ್ತಿನ ಕೊನೆಯ ಮನೆ. ಪಟ್ಟಿ ಮುಗಿಸಿ, ಆಸ್ಪತ್ರೆಯ ಅಂಗಳದಿಂದ ತಳ್ಳಿಕೊಂಡು ತಂದ ಗಾಡಿಯನ್ನು ಕಿಟಕಿಯ ಮುಂದೆ ನಿಲ್ಲಿಸುತ್ತಿದ್ದರು. ಗುರು ಮಾವ. "ಬಸ್ಸಾದ್ರೇನು, ಬೈಕಾದ್ರೇನು, ಕ್ಲಚ್ಚು ಕ್ಲಚ್ಚೇ" ಎಂದು ಕಿಟಕಿಯ ಸರಳು ಹಿಡಿದು ಕತ್ತು ಎತ್ತಿದ ಆತನ ಮುಖದಲ್ಲಿ ಎರಡು ವರ್ಷದಲ್ಲಿ ಕಾಣದ ಕಳೆಯಿತ್ತು.

"ಈಗ ಹೊರಡ್ತೀನಿ" ಎಂದು ಸಿಸ್ಟರಮ್ಮ ಗಾಡಿಗೂ ಬೀದಿಗೂ ಒಟ್ಟಿಗೆ ತಿಳಿಸಿದರು.

"ಕ್ಲಚ್ ಬಿಡಿ ತಾಯಿ, ಬಿಡಿ, ಬಿಡಿ!"

ಬಿಟ್ಟರು. ಗಾಡಿ ಕುಪ್ಪಳಿಸಿ ಎದುರು ಸಾಲಿನ ದರ್ಜಿಯ ಅಂಗಡಿಯ ಮೆಟ್ಟಿಲಿಗೆ ಡಿಕ್ಕಿ ಹೊಡೆದು ಬಾಯಿ ಮುಚ್ಚಿತು. ಕತ್ತಿನಲ್ಲಿ ಟೇಪು ನೇತುಹಾಕಿಕೊಂಡು ದರ್ಜಿ ಹೊರಬಂದ.

"ಸಿಸ್ಟರಮ್ಮ, ನನ್ನ ಮೆಟ್ಟಿಲಿಗೂ ಒಂದು ಪಟ್ಟಿ ಹಾಕಿ ಹೋಗಿ!"

ಅವರು ನಗಲಿಲ್ಲ. ಚೀಲದಿಂದ ಅಂಟುಪಟ್ಟಿ ತೆಗೆದು, ಚಕ್ಕೆ ಎದ್ದಿದ್ದ ಕಲ್ಲಿಗೆ ಅಚ್ಚುಕಟ್ಟಾಗಿ ಅಂಟಿಸಿ, "ಎರಡು ದಿನ ನೀರು ತಾಗಿಸ್ಬೇಡಿ" ಎಂದು ಗಾಡಿಯನ್ನು ಹಿಂದಕ್ಕೆ ಎಳೆದುಕೊಂಡರು. ಹತ್ತು ದಿನ ಕಳೆಯುವಷ್ಟರಲ್ಲಿ ಆ ಮೆಟ್ಟಿಲಿಗೆ ಒಂಬತ್ತು ಪಟ್ಟಿಗಳಾಗಿದ್ದವು.

ಅವರ ತಪ್ಪು ಅವರ ವೃತ್ತಿಯದು. ರೋಗಿ "ಅಯ್ಯೋ" ಎಂದೊಡನೆ ಸರಕ್ಕನೆ ಹಿಂದೆ ಸರಿಯಲು ಇಪ್ಪತ್ತಾರು ವರ್ಷ ಕಲಿತ ಕೈ ಅದು. ಗಾಡಿ ಒಂದಿಷ್ಟು ನರಳಿದರೆ ಸಾಕು, ಬೆರಳುಗಳೆಲ್ಲ ಒಮ್ಮೆಲೇ ಬಿಚ್ಚಿಕೊಂಡು ಕ್ಲಚ್ಚು ಚಿಮ್ಮುತ್ತಿತ್ತು. ಕಣ್ಣೂ ಹಾಗೆಯೇ: ಗಾಯವನ್ನು ಗೇಣಿನ ದೂರದಿಂದ ನೋಡಿ ಪಳಗಿದ ದೃಷ್ಟಿ ಮುಂದಿನ ಚಕ್ರವನ್ನು ಬಿಟ್ಟು ಮೇಲೇಳುತ್ತಿರಲಿಲ್ಲ. "ಚಕ್ರದಲ್ಲಿ ಏನಿದೆ ತಾಯಿ? ಹೋಗೋ ಕಡೆ ನೋಡಿ!" ಎಂದು ಮಾವ ಕಿರುಚುವುದು, ಹೋಗಬಾರದ ಕಡೆಗೇ ನೋಡಿ ಅವರು ಅಲ್ಲಿಗೇ ಹೋಗುವುದು. ಹದಿನೆಂಟನೆಯ ತಾರೀಕು ಲೈಸೆನ್ಸ್ ಪರೀಕ್ಷೆಗೆ ಹೋದಾಗ, "ಹೊರಡಿ" ಎಂದಾಕ್ಷಣ ಗಾಡಿ ಹಾರಿ ಗೆರೆ ದಾಟಿ ಮಗುಚಿತು. ಪರೀಕ್ಷಕ ಹಲ್ಲುಕಿರಿದು, "ಯಾಕಮ್ಮ ಈ ವಯಸ್ಸಲ್ಲಿ? ಮೊಮ್ಮಕ್ಕಳನ್ನ ನೋಡ್ಕೊಂಡು ಮನೇಲಿರಬಾರ್ದಾ?" ಎಂದನಂತೆ.

"ಮೊಮ್ಮಕ್ಕಳಿಲ್ಲ ಸಾರ್, ಹನ್ನೊಂದು ಮನೆಗಳಿವೆ. ಮುಂದಿನ ಸರದಿ ಯಾವತ್ತು?"

ಇಪ್ಪತ್ತೊಂಬತ್ತನೆಯ ತಾರೀಕು ಎಂದು ಚೀಟಿ ಬರೆದುಕೊಟ್ಟ. ಅದು ತಪ್ಪಿದರೆ ಉಗ್ರಾಣವೇ.

ಆ ಸೋಲಿನ ಮರುದಿನದ ಮಧ್ಯಾಹ್ನ ನಾನು ಕೋಣೆಯಲ್ಲಿಯೇ ಇದ್ದೆ. ಹಳೆಯ ಪಟ್ಟಿ ಹುಣ್ಣಿಗೆ ಕಚ್ಚಿಕೊಂಡಿತ್ತು. ಉಪ್ಪುನೀರಿನಿಂದ ತೋಯಿಸಿ ಅಂಚನ್ನು ಎತ್ತುತ್ತಿದ್ದಂತೆ ಮಾವ ದಿಂಬು ಕಚ್ಚಿ, "ತಾಯೀ, ಇವತ್ತಿಗೆ ಬಿಟ್ಟುಬಿಡಿ!" ಎಂದು ಗೋಗರೆದ.

"ಬಿಡೋದಲ್ಲ ಅಣ್ಣ ಇದು, ಬಿಚ್ಚೋದು. ಚರ್ಮ ಎಲ್ಲಿ ಹಿಡ್ಕೊಂಡಿದೆ ಅಂತ ಬೆರಳಿಗೆ ತಿಳೀಬೇಕು. ತಿಳಿದ ಜಾಗದಲ್ಲಿ ನಿಲ್ಲಬೇಕು. ಅದು ತಾನಾಗಿ ಸಡಿಲವಾದ ಮೇಲೆ ಒಂದು ಎಳೆ, ಆಮೇಲೆ ಇನ್ನೊಂದು..."

ಹೇಳುತ್ತಲೇ ಅವರ ಕಣ್ಣು ಹೊರಗೆ ನಿಂತಿದ್ದ ಗಾಡಿಯ ಕ್ಲಚ್ಚಿನ ಕಡೆ ಹೊರಳಿತು. ಬೋರಲು ಮಲಗಿದ್ದ ಮಾವ ದಿಂಬಿನೊಳಗಿಂದಲೇ, "ಮೂವತ್ತೊಂದು ವರ್ಷ ನನ್ನ ಕಾಲು ಅದನ್ನೇ ಮಾಡ್ತಿತ್ತು ಕಣಮ್ಮ. ಹಾಳು ಬಾಯಿ ಮಾತ್ರ 'ಬಿಡು' ಅಂತ ಕಲಿತಿತ್ತು" ಎಂದ.

ಬೇರೆ ಯಾರಾದರೂ ಆಗಿದ್ದರೆ ಅರ್ಧ ಬಿಟ್ಟು ಗಾಡಿಯ ಹತ್ತಿರ ಓಡುತ್ತಿದ್ದರು. ಸಿಸ್ಟರಮ್ಮ ಪಟ್ಟಿಯನ್ನು ಕೊನೆಯ ಎಳೆಯವರೆಗೂ ಅದೇ ನಿಧಾನದಲ್ಲಿ ಬಿಚ್ಚಿ, ತೊಳೆದು, ಹೊಸದು ಹಾಕಿ, ಮಾವನನ್ನು ಮಗ್ಗುಲಾಗಿಸಿ, ಆಮೇಲೆ ಹೊರಗೆ ಹೋದರು. "ಈಗ ಬಿಚ್ತೀನಿ" ಎಂದರು. ಗಾಡಿ ನರಳಿತು, ಬೆರಳುಗಳು ಅಲ್ಲಿಯೇ ನಿಂತವು, ನರಳಿಕೆ ಒಂದೇ ಸಮನಾದ ದನಿಯಾಗಿ ತಿರುಗಿತು. ದರ್ಜಿ ಕತ್ತರಿ ಹಿಡಿದುಕೊಂಡೇ ಮೆಟ್ಟಿಲಿಗೆ ಅಡ್ಡ ನಿಂತು ನೋಡುತ್ತಿದ್ದಂತೆ, ಗಾಡಿ ಅವನನ್ನು ಹಾದು, ಬೀದಿಯ ಕೊನೆಯವರೆಗೂ ಹೋಯಿತು. ತಿರುಗಿಸಲು ಬಾರದೆ ಅಲ್ಲಿಂದ ತಳ್ಳಿಕೊಂಡು ಬಂದರೆಂಬುದನ್ನೂ ಹೇಳಬೇಕು.

ತಿರುವು ಒಂದು ವಾರ ತೆಗೆದುಕೊಂಡಿತು. ಚೀಲದ ಭಾರಕ್ಕೆ ಗಾಡಿ ಬಲಕ್ಕೇ ವಾಲುತ್ತದೆಂದು ಮಾವ ಕಂಡುಹಿಡಿದು, ಅದನ್ನು ಟ್ಯಾಂಕಿನ ನಡುವೆ ಬೆಲ್ಟಿನಿಂದ ಬಿಗಿಸಿದ್ದಾಯಿತು. ಇನ್ನುಳಿದದ್ದು ಏರುದಾರಿ, ಹನ್ನೊಂದರಲ್ಲಿ ನಾಲ್ಕು ಮನೆಗಳು ದಿಬ್ಬದ ಮೇಲಿನ ಓಣಿಯಲ್ಲಿದ್ದವು. ಪರೀಕ್ಷೆಯ ಹಿಂದಿನ ದಿನ ಹಿಂದಿನ ಸೀಟು ತಟ್ಟಿ ನನಗೆ ಹೇಳಿದರು: "ಆಗೋದಿಲ್ಲ ಅಂತ ಬರೆದವರು ನೀವೇ ತಾನೆ? ಹತ್ತಿ. ಭಾರ ಬೇಕಾಗಿತ್ತು."

ಏರಿನ ನಡುಮಧ್ಯೆ ಲಾರಿಯೊಂದು ಹಿಂದಕ್ಕೆ ಬರತೊಡಗಿ, ನಿಲ್ಲಬೇಕಾಯಿತು. ಇಂಜಿನ್ನು ಸತ್ತಿತು. ಬೆನ್ನ ಹಿಂದೆ ನೀರಿನ ಟ್ಯಾಂಕರಿನವನು ಹಾರನ್ನಿನ ಮೇಲೆ ಕೈಯೂರಿ ಕೂತಿದ್ದ. ನಾನು ಮೆಲ್ಲಗೆ ಕಾಲು ಕೆಳಗಿಟ್ಟೆ.

"ಎಲ್ಲಿಗೆ? ನಾಳೆ ಏರು ಬಂದಾಗ ಔಷಧಿ ಚೀಲಾನೂ ಇಳಿದು ನಡ್ಕೊಂಡು ಬರುತ್ತಾ? ಕೂತ್ಕೊಳ್ಳಿ."

ಕೂತೆ. ಅವರ ಕತ್ತಿನ ಹಿಂದೆ ಬೆವರು ಇಳಿಯುತ್ತಿದ್ದುದು, ಕ್ಲಚ್ಚು ಹಿಡಿದ ಎಡಗೈ ಗಡಗಡ ನಡುಗುತ್ತಿದ್ದುದು ನನಗೆ ಕಾಣುತ್ತಿತ್ತು. ಲಾರಿ ಪಕ್ಕಕ್ಕೆ ಸರಿದೊಡನೆ ಅವರು ಕಿಕ್ ಹೊಡೆದು ಇಂಜಿನ್ನು ಎಬ್ಬಿಸಿ, ತಲೆ ತಿರುಗಿಸಿ, "ಅಣ್ಣಾ, ಒಂದು ನಿಮಿಷ. ಈಗ ಬಿಚ್ತೀನಿ" ಎಂದು ಟ್ಯಾಂಕರಿನವನಿಗೂ ತಿಳಿಸಿದರು. ಅವನಿಗೆ ಏನು ಅರ್ಥವಾಯಿತೋ, ಹಾರನ್ನಿನಿಂದ ಕೈ ತೆಗೆದ. ಗಾಡಿ ಒಮ್ಮೆ ಮೈ ಬಿಗಿದು, ರೋಗಿ ಆಸರೆ ಹಿಡಿದು ಏಳುವಂತೆ ಎದ್ದು, ನಮ್ಮಿಬ್ಬರನ್ನೂ ಹೊತ್ತು ಮೇಲೇರಿತು. ಮೇಲೆ ತಲುಪಿ ಉಸಿರು ಬಿಟ್ಟು, "ಆಯ್ತಲ್ಲ" ಎಂದೆ. "ಒಂದು ಸಲ ಆಯ್ತು" ಎಂದು ಗಾಡಿ ತಿರುಗಿಸಿದರು. ಇನ್ನೂ ನಾಲ್ಕು ಸಲ ಹತ್ತಿದೆವು. ನಾಲ್ಕು ಸಲವೂ ಆ ಕೈ ನಡುಗುತ್ತಲೇ ಇತ್ತು. ನಡುಗುತ್ತಲೇ ತನ್ನ ಕೆಲಸ ಮಾಡುತ್ತಿತ್ತು.

ಮಾರನೆಯ ದಿನ, "ಈಗ ಬಲಕ್ಕೆ, ಈಗ ಎಡಕ್ಕೆ" ಎಂದು ಗಟ್ಟಿಯಾಗಿ ಹೇಳಿಕೊಳ್ಳುತ್ತ, ಕಾಲು ನೆಲಕ್ಕೆ ತಾಗಿಸದೆ ಎಂಟರ ಆಕಾರ ಸುತ್ತಿ ತೋರಿಸಿದರು. ಅದೇ ಪರೀಕ್ಷಕ ತಲೆ ಎತ್ತದೆ ಮೊಹರು ಒತ್ತಿದ. ಸುತ್ತು ಉಳಿಯಿತು.

ಹೊಸ ತಿಂಗಳ ಮೊದಲ ಸುತ್ತು. ಮಾವ ಬೆಳಗಿನಿಂದಲೇ ಕಿಟಕಿಗೆ ಕಿವಿ ಕೊಟ್ಟು ಕಾದಿದ್ದ. ಎರಡು ತಿರುವಿನ ಆಚೆ ಸದ್ದು ಕೇಳಿಸಿದಾಗ "ಎರಡನೇ ಗೇರಲ್ಲಿ ಬರ್ಬೇಕು, ಮೂರರಲ್ಲಿ ಬರ್ತಿದ್ದಾಳೆ ಮಹರಾಯ್ತಿ" ಎಂದು ಬೈಯುತ್ತ ಕಣ್ಣೊರೆಸಿಕೊಂಡ. ಸಿಸ್ಟರಮ್ಮ ಒಳಗೆ ಬಂದಾಗ ಕೋಟಿನ ಅಂಚು ಹರಿದು ಮಣ್ಣಾಗಿತ್ತು, ಮೊಣಕೈ ತರಚಿತ್ತು.

"ಏನಾಯ್ತು?" ಎಂದೆವು ಇಬ್ಬರೂ.

"ಎಲ್ಲೋ ಬಿದ್ದೆ. ಹನ್ನೆರಡು ನಿಮಿಷ ತಡವಾಯ್ತು, ತಪ್ಪು ತಿಳ್ಕೋಬೇಡಿ ಅಣ್ಣ. ಈಗ ಹೊರಳಿಸ್ತೀನಿ."

ಅಭಿನಂದನೆಯ ಮಾತೊಂದನ್ನು ಸಿದ್ಧಮಾಡಿಕೊಂಡು ನಿಂತಿದ್ದ ನನ್ನನ್ನು ಆ ಕೋಣೆಯಲ್ಲಿ ಯಾರೂ ಕೇಳುವವರಿರಲಿಲ್ಲ. ಆತ್ಮವಿಶ್ವಾಸವೆಂಬುದು ಎದೆಯೊಳಗೆ ಮೊದಲೇ ತುಂಬಿಟ್ಟುಕೊಂಡು ಹೊರಡಬೇಕಾದ ಇಂಧನವೆಂದು ಭಾಷಣ ಮಾಡುವವರು ಇಂಥ ಜನರನ್ನು ಹತ್ತಿರದಿಂದ ನೋಡಿಲ್ಲ; ಅವರ ಪರವಾಗಿ ಮರುಗಿ ಬರೆಯುವ ನಮ್ಮಂಥವರೂ ನೋಡಿಲ್ಲ. ಇವರಿಗೆ ತಮ್ಮ ಮೇಲೆ ನಂಬಿಕೆ ಹುಟ್ಟಿತೋ ಇಲ್ಲವೋ ಎಂದು ವಿಚಾರಿಸಿಕೊಳ್ಳಲು ಪುರುಸೊತ್ತೇ ಇರುವುದಿಲ್ಲ. ಎಲ್ಲೋ ಒಂದು ಮಂಚದ ಮೇಲೆ ಯಾರೋ ಇವರನ್ನು ನಂಬಿ ಗೋಡೆಯ ಕಡೆ ಮುಖಮಾಡಿ ಕಾದಿರುತ್ತಾರೆ. ಆ ನಂಬಿಕೆ ಸುಳ್ಳಾಗದಿರಲೆಂದು ನಡುಗುವ ಕೈಯಲ್ಲಿಯೇ ಹೊರಡುತ್ತಾರೆ, ಬೀಳುತ್ತಾರೆ, ಮಣ್ಣು ಕೊಡವಿಕೊಂಡು ಬರುತ್ತಾರೆ, ಬಂದು ತಡವಾದದ್ದಕ್ಕೆ ನಾಚಿಕೊಳ್ಳುತ್ತಾರೆ.