ಗೋಣಿಯ ಕೆಳಗಿನ ಬೆನ್ನು

ಎರಡು ಸಾವಿರದ ಎಂಟರ ಬೇಸಿಗೆ, ಒಂದು ಮಂಗಳವಾರ. ಬೆಳಗಿನ ಒಂಬತ್ತಕ್ಕೇ ಕಲ್ಯಾಣ ಶಹರದ ಪೂರ್ವ ಭಾಗದ ಗುಡ್ಡ ಕಾದ ಹೆಂಚಾಗಿತ್ತು. ಟೆಂಪೋ ಹತ್ತದ ಆ ಓಣಿಗಳಿಗೆ ಉಸುಕು, ಇಟ್ಟಂಗಿ ಏರಿಸುವುದು ಹೇಸರಗತ್ತೆಗಳೇ. ಕಳಂಬೋಲಿಯ ಉಕ್ಕಿನ ಮಾರ್ಕೆಟ್ಟಿನಲ್ಲಿ ವಾಚ್‌ಮನ್ ಆಗಿದ್ದ ಸಿದ್ರಾಮ ರಜೆ ಹಾಕಿ ತಂಗಿಯ ಮಗ ಸಂಗಮೇಶನ ಮನೆಗೆ ಬಂದಿದ್ದ. ವಾಚ್‌ಮನ್ ಆಗುವ ಮೊದಲು ಹದಿನೇಳು ವರ್ಷ ಸೈನ್ಯದಲ್ಲಿ ಹೇಸರಗತ್ತೆಗಳನ್ನು ಸಾಕಿ, ಪಳಗಿಸಿ, ನಡೆಸಿದವನು.

ಸಂಗಮೇಶ ಹಗ್ಗ ಹಿಡಿದಿದ್ದ; ಅವನ ಹೇಸರಗತ್ತೆ ರಾಣಿ, ಬೆನ್ನಿಗೆ ಹಾಸಿದ ಗೋಣಿಯ ಮೇಲೆ ಉಸುಕಿನ ಚೀಲ ಹೊತ್ತು ಏರುತ್ತಿತ್ತು. ಎರಡು ಹೆಜ್ಜೆಗೊಮ್ಮೆ ಬೆನ್ನು ತಗ್ಗಿಸುತ್ತಿತ್ತು.

"ನಿಲ್ಸಲೇ. ಗೋಣಿ ತಗಿ," ಎಂದ ಸಿದ್ರಾಮ.

"ಮಾಮಾ, ಇವತ್ತ ಸ್ಲ್ಯಾಬ್ ಐತಿ. ತಡಾ ಆದ್ರ ಮುಕಾದಮ ಬ್ಯಾರೆದವ್ರ ಜಾನವಾರ ತರಸ್ತಾನ. ಆಮ್ಯಾಲ ಈ ಗುಡ್ಡದ ಕಲ್ಲ ತಿನ್ನೂಣೇನು?"

"ತಗಿ ಅಂದೆ."

"ತೊಗಲ ಸುಲದೈತಿ, ಅಷ್ಟ. ಅರಿಶಿಣ ಹಚ್ಚೀನಿ. ಸೈನ್ಯದಾಗ ನಿಮಗೇನ್ರಿ, ಸರ್ಕಾರದ ಜಾನವಾರ, ಸರ್ಕಾರದ ಹುರಳಿ, ಮ್ಯಾಲ ಒಬ್ಬ ಡಾಕ್ಟರ! ಇಲ್ಲಿ ಅದು ದುಡದ್ರ ಅದಕ್ಕೂ ಮೇವು, ನಮಗೂ ರೊಟ್ಟಿ."

ಮನೆ ಬಾಗಿಲಲ್ಲಿದ್ದ ಸಂಗಮೇಶನ ಹೆಂಡತಿ ಮಲ್ಲಿಕಾ ಅಂದಳು, "ನಾಕ ದಿನಾತು, ಅದು ಮೇವ ಮೂಸೂದ ಇಲ್ಲ. ಅದನ್ನೂ ಹೇಳ್ರಿ ಮಾಮಾಗ."

ಸಿದ್ರಾಮ ತಾನೇ ಚೀಲ ಇಳಿಸಿ ಗೋಣಿ ಎತ್ತಿದ. ಕೀವು, ನೊಣ. ಅಳಿಯನ ಮುಂಗೈ ಹಿಡಿದು ಅಂಗೈಯನ್ನು ಆ ಹುಣ್ಣಿನ ಮೇಲೇ ಇಟ್ಟ. ರಾಣಿಯ ಮೈಯೆಲ್ಲ ನಡುಗಿತು.

"ಕಾರ್ಗಿಲ್ ಯುದ್ಧದಾಗ ನನ್ನ ಕೈಯಾಗ ಬಿಜಲಿ ಅಂತ ಒಂದಿತ್ತು. ಮದ್ದಗುಂಡು ಮುಟ್ಟಸೂ ಅವಸರದಾಗ ಜೀನಿನ ಕೆಳಗ ಕಂಬಳಿ ಮಡಚಿಕೊಂಡದ್ದು ನೋಡ್ಲಿಲ್ಲ. ಹುಣ್ಣಾತು. ಸುಬೇದಾರ ಬೈತಾನಂತ ಮೂರು ದಿನ ಮುಚ್ಚಿಟ್ಟೆ. ನಾಕನೇ ದಿನ ಏರಿನ್ಯಾಗ ಕುಸದು ಬಿತ್ತು, ಏಳ್ಲಿಲ್ಲ. ಅದನ್ನ ಕೊಂದದ್ದು ವೈರಿ ತೋಪಲ್ಲ, ನಾನು!" ಸಿದ್ರಾಮ ಗೋಣಿಯನ್ನು ನೆಲಕ್ಕೆ ಒಗೆದ. "ನನಗ ಯುದ್ಧ ಅನ್ನೂ ನೆಪಾದ್ರೂ ಇತ್ತು. ನಿನಗ ಈ ಗುಡ್ಡದ ಮ್ಯಾಲ ಯಾವ ವೈರಿ ಕುಂತಾನಲೇ?"

ಮೇಲೆ ಆಳುಗಳಿಂದ ಕೆಲಸ ಮಾಡಿಸುತ್ತಿದ್ದ ಮುಕಾದಮ ಕೂಗಿದ, "ಏ ಸಂಗ್ಯಾ, ಮಾಲ್ ಕಿಧರ್?"

ಸಂಗಮೇಶ ತನ್ನ ಅಂಗೈಯನ್ನೇ ನೋಡುತ್ತ ನಿಂತಿದ್ದ. ಆಮೇಲೆ ರಾಣಿಯನ್ನು ನೆರಳಿಗೆ ಕಟ್ಟಿ, ಉಸುಕಿನ ಚೀಲವನ್ನು ತಾನೇ ಹೆಗಲಿಗೇರಿಸಿದ. ಸಂಜೆಯವರೆಗೂ ಗಂಡ ಹೆಂಡತಿ ಹೊತ್ತರು. ಅರ್ಧ ಉಸುಕೂ ಮೇಲೆ ಮುಟ್ಟಲಿಲ್ಲ.

ಬುಧವಾರ ಮುಕಾದಮ ಬೇರೆಯವರ ಜಾನುವಾರು ತರಿಸಿದ. ಅವು ಏರುತ್ತಿದ್ದ ಹೊತ್ತಿಗೇ ರಾಣಿ ಗುಡ್ಡ ಇಳಿದು ದನದ ದವಾಖಾನೆಗೆ ಹೊರಟಿತು, ಬರಿಬೆನ್ನಲ್ಲಿ. ಹಗ್ಗ ಹಿಡಿದು ಸಂಗಮೇಶ ಮುಂದೆ, ನೊಣ ಕೂರದಂತೆ ಟವೆಲು ಬೀಸುತ್ತ ಸಿದ್ರಾಮ ಹಿಂದೆ.