ಗದ್ದದ ಬಾರು

ಕಾರಿನ ಗಾಜಿನ ಮೇಲಿನ ಮಂಜುಗಡ್ಡೆಯನ್ನು ಅರ್ಧ ಕೆರೆದು ಡಾರಿಯಾ ಕೈ ನಿಲ್ಲಿಸಿದಳು. ಇನ್ನರ್ಧ ಕೆರೆಯುವವನು ಗಂಡ ಒರೆಸ್ಟ್. ನಿನ್ನೆ ಅವನನ್ನು ಮಣ್ಣು ಮಾಡಿದ್ದಾಗಿತ್ತು. ಆ ಬದಿಗೆ ಹೋಗಿ ಅದನ್ನೂ ಅವಳೇ ಕೆರೆದಳು.

ಹಿಂದಿನ ಸೀಟಿನಲ್ಲಿ, ಕುದುರೆಯ ಬಾಯಿ ತೆರೆದು ಹಿಡಿಯುವ ಕಬ್ಬಿಣದ ಚೌಕಟ್ಟು. ಊರಾಚೆ ಕುದುರೆಗಳ ಹಲ್ಲು ಅರದಿಂದ ಉಜ್ಜುವ ಬರ್ನಿಸ್‌ಳದು. ಒರೆಸ್ಟ್ ಎರವಲು ತಂದಿದ್ದ. ಅದನ್ನು ವಾಪಸು ಕೊಡಲು ಹೊರಟ ದಿನವೇ ಅವನ ಟ್ರಕ್ಕು ಹಿಮದಲ್ಲಿ ಜಾರಿ ಕಂದಕಕ್ಕೆ ಬಿದ್ದದ್ದು. ಪೊಲೀಸರು ಅವನ ಬೂಟುಗಳ ಜೊತೆ ಇದನ್ನೂ ಚೀಲಕ್ಕೆ ಹಾಕಿ ಕೊಟ್ಟಿದ್ದರು.

ಗದ್ದದ ಕೆಳಗೆ ಕಟ್ಟುವ ತೊಗಲು ಬಾರಿನ ಮೇಲೆ ನೀಲಿ ಶಾಯಿಯಲ್ಲಿ ಅವನ ಇರುವೆ ಅಕ್ಷರ. ಎಂಜಲು ತುಂಬಿಟ್ಟ ಗಾಜಿನ ಕೊಳವೆಯ ಸಂಖ್ಯೆ, ಎದುರಿಗೆ ಕುದುರೆಯ ಹೆಸರು. ಲಾಯದಲ್ಲಿ ಕೈಗೆ ಸಿಕ್ಕಿದ್ದರ ಮೇಲೆ ಬರೆದುಕೊಂಡು, ಆಮೇಲೆ ಪ್ರಯೋಗಾಲಯದ ಪುಸ್ತಕಕ್ಕೆ ಇಳಿಸುವುದು ಅವನ ಪದ್ಧತಿ. ಅಕ್ಟೋಬರಿನದು ಇಳಿಯಲಿಲ್ಲ. ಅಷ್ಟರಲ್ಲಿ ಪ್ರೊಫೆಸರ್ ಕಾರ್ಮೋಡಿ ಅವನನ್ನು ಕೆಲಸದಿಂದ ತೆಗೆದು, ಪುಸ್ತಕವನ್ನೂ ಕಿತ್ತುಕೊಂಡಿದ್ದ.

ಹತ್ತೊಂಬತ್ತರ ಎದುರು ಏನಿದೆಯೆಂದು ಅವಳು ಬೆಳಿಗ್ಗೆಯೇ ಓದಿದ್ದಳು. ಟುಲಿಪ್.

*

ನಿನ್ನೆ ಚರ್ಚಿನ ಹಜಾರದಲ್ಲಿ ಊಟ. ಕಾರ್ಮೋಡಿ ಎದ್ದು ನಿಂತು, "ಒರೆಸ್ಟ್ ನನಗೆ ಮಗನ ಹಾಗಿದ್ದ" ಎಂದ.

"ಮಗನ್ನ ಕ್ರಿಸ್ಮಸ್‌ಗೆ ಮುಂಚೆ ಯಾರಾದ್ರೂ ಬೀದಿಗೆ ಹಾಕ್ತಾರೇನೇ?" ಎಂದಳು ಪಕ್ಕದಲ್ಲಿದ್ದ ಸೋನಿಯಾ ಚಿಕ್ಕಮ್ಮ, ದನಿ ತಗ್ಗಿಸದೆ. "ತಟ್ಟೆ ನೋಡು ಅವನದು. ಎಂಟು ಪಿರೊಗಿ ಕಡುಬು."

ಆ ತಟ್ಟೆಯ ಸಮೇತ ಅವನು ಇವರತ್ತಲೇ ಬಂದ. "ಡಾರಿಯಾ, ಇದು ಕೇಳೋ ಹೊತ್ತಲ್ಲ."

"ಹಾಗಾದ್ರೆ ಕೇಳ್ಬೇಡಿ."

"ಹತ್ತೊಂಬತ್ತನೇ ಕೊಳವೆಯ ಬ್ಯಾಕ್ಟೀರಿಯಾ ಪ್ರಪಂಚದಲ್ಲಿ ಯಾರೂ ಕಂಡಿದ್ದಲ್ಲ. ಆದ್ರೆ ಯಾವ ಪ್ರಾಣಿಯ ಬಾಯಿಂದ ತೆಗೆದಿದ್ದು ಅಂತ ತಿಳೀದೆ ಅದನ್ನ ಹೊಸ ಜಾತಿ ಅಂತ ಯಾರೂ ಒಪ್ಪಲ್ಲ. ನಿನಗೆ ಹೇಳಿರ್ಬೇಕಲ್ಲ ಅವನು?"

"ಪ್ರಬಂಧದಲ್ಲಿ ಮೊದಲ ಹೆಸರು ಯಾರದು?"

"ಸತ್ತವರ ಸಹಿ ಎಲ್ಲಿಂದ ತರೋಣಮ್ಮ? ಆದ್ರೆ ಬ್ಯಾಕ್ಟೀರಿಯಾಕ್ಕೇ ಒರೆಸ್ಟ್ ಹೆಸರಿಡ್ತೀನಿ. ಶಾಶ್ವತವಾಗಿ ಉಳಿಯುತ್ತೆ!"

"ಕುದುರೆ ಎಂಜಲಿಗೆ ನಮ್ಮ ಹುಡುಗನ ಹೆಸರು, ಕೆಲಸಕ್ಕೆ ನಿಮ್ಮ ಹೆಸರು," ಎಂದಳು ಚಿಕ್ಕಮ್ಮ. "ಇನ್ನೆರಡು ಪಿರೊಗಿ ಹಾಕ್ಲಾ?"

"ನನಗೆ ಅವನು ಹೇಳಿಲ್ಲ," ಎಂದಳು ಡಾರಿಯಾ. ಅದು ನಿಜವಾಗಿತ್ತು.

*

ನವೆಂಬರಿನಲ್ಲಿ ಒಂದು ಸಂಜೆ ಒರೆಸ್ಟ್ ಆಲೂಗಡ್ಡೆ ಹೆಚ್ಚುತ್ತ ಅಂದಿದ್ದ: "ಅವನೇ ಬಂದು ಕೇಳ್ಲಿ. ಮೊದಲ ಹೆಸರು ನಂದು ಅಂತ ಬರೆದುಕೊಡ್ಲಿ. ಅಲ್ಲೀವರೆಗೂ ನನ್ನ ಬಾಯಿ ಬಿಡಿಸೋಕೆ ಆ ಚೌಕಟ್ಟೂ ಸಾಲಲ್ಲ."

ಆರು ವರ್ಷ ದನ, ಕುರಿ, ಕುದುರೆಗಳ ಬಾಯಿಗೆ ಕೈ ಹಾಕಿದವನು. ಸಾಬೂನು ಎಷ್ಟು ಹಾಕಿದರೂ ಹೋಗದ ವಾಸನೆ. ಅವಳು ಅದಕ್ಕೂ ಜಗಳವಾಡಿದ್ದಳು.

*

ಲಾಯದ ಬಾಗಿಲಲ್ಲೇ ಬರ್ನಿಸ್ ಚೌಕಟ್ಟನ್ನು ಕಿತ್ತುಕೊಂಡಂತೆ ತೆಗೆದುಕೊಂಡಳು.

"ಎರಡೇ ದಿನ ಅಂದಿದ್ದ. ಎರಡು ತಿಂಗಳಾಯ್ತು."

"ನಿನ್ನೆ ಮಣ್ಣಾಯ್ತು ಅವನದು."

"ಗೊತ್ತು. ಸಿಟ್ಟಿಟ್ಕೊಂಡು ಹೋಗಿ ಉಣ್ಣೋಕೆ ನನಗೆ ಬರಲ್ಲ, ಅದಕ್ಕೇ ಬರಲಿಲ್ಲ." ಬಾರನ್ನು ಬೆಳಕಿಗೆ ಹಿಡಿದಳು. "ಇದೇನಿದು, ಹೊಸ ಬಾರಿನ ಮೇಲೆ ಗೀಚಿದಾನೆ? ಬೇಕಾದ್ದಾ ಇದು?"

ಡಾರಿಯಾಳ ಕೋಟಿನ ಜೇಬಿನಲ್ಲಿ ಫೋನು ರಿಂಗಾಯಿತು. ಕಾರ್ಮೋಡಿಯ ಹೆಸರು. ನೋಡಿ ಮತ್ತೆ ಜೇಬಿಗಿಟ್ಟಳು.

"ಬೇಡ," ಎಂದಳು. "ನಿಮ್ಮದು ನಿಮಗೆ ಬಂತಲ್ಲ."

"ಹಾಗಾದ್ರೆ ಈ ಮುದುಕಿಯ ತಲೆ ಹಿಡ್ಕೋ. ಬಂದವಳು ಸುಮ್ನೆ ನಿಲ್ಬೇಡ."

ಬೂದು ಬಣ್ಣದ ಮುದಿ ಕುದುರೆ. ತಲೆಯ ಮೇಲಿನ ಹಲಗೆಯಲ್ಲಿ ಟುಲಿಪ್ ಎಂದು ಕೊರೆದಿತ್ತು. ಡಾರಿಯಾ ಅದರ ಹಣೆಗೆ ಅಂಗೈ ಒತ್ತಿ ಹಿಡಿದಳು. ಬರ್ನಿಸ್ ಚೌಕಟ್ಟು ತೂರಿಸಿ ಗದ್ದದ ಬಾರು ಬಿಗಿದು ಹಲ್ಲು ಉಜ್ಜತೊಡಗಿದಳು. ಜೇಬಿನಲ್ಲಿ ಫೋನು ಮತ್ತೆ ರಿಂಗಾಯಿತು. ಹಳದಿ ಹಲ್ಲುಗಳ ಸಂದಿನಿಂದ ಜೊಲ್ಲು ದಾರದಾರವಾಗಿ ಇಳಿದು ಬಾರಿನ ಮೇಲಿನ ಅಕ್ಷರಗಳನ್ನು ನೆನೆಸಿತು; ಅಲ್ಲಿಂದ ಕೆಳಗಿನ ಹುಲ್ಲಿನ ಮೇಲೆ ತೊಟ್ಟಿಕ್ಕುವಾಗ ಅದು ನೀಲಿಯಾಗಿತ್ತು.