ಮೀಸಲು ಉಂಡಿ

ಮಕ್ತಲ್ ಬಿಟ್ಟ ಮೇಲೆ ಗದ್ವಾಲ್ ದಾಟಿ, ಆರನೇ ದಿನ ನಲ್ಲಮಲ ಕಾಡು ಹೊಕ್ಕೆವು. ಯುಗಾದಿಗೆ ಶ್ರೀಶೈಲ ಮುಟ್ಟಬೇಕಿತ್ತು. ಪ್ರತಿವರ್ಷ ನಡೆಯುತ್ತಿದ್ದವರು ನನ್ನ ಗಂಡ ಶಿವಶಂಕರಪ್ಪ. ಅವರು ತೀರಿಕೊಂಡು ತಿಂಗಳಾಗಿತ್ತು. ಈ ಸಲ ಅವರ ಮೀಸಲು ಗಂಟನ್ನು ನಾನು ಹೊತ್ತಿದ್ದೆ. ಅದರಲ್ಲಿ ಶ್ರೀಶೈಲದ ಮಲ್ಲಯ್ಯನಿಗೆಂದು ಕಟ್ಟಿದ ಇಪ್ಪತ್ತೊಂದು ಶೇಂಗಾ ಉಂಡಿ. ನನಗೆ ಅವರು ಹೋದ ದಿನವೂ ಅಳು ಬಂದಿರಲಿಲ್ಲ, ಆಮೇಲೂ ಇಲ್ಲ. ಜನ ಗಟ್ಟಿಗಿತ್ತಿ ಎಂದರು. ಗಟ್ಟಿಯೇನು ಬಂತು, ಒಳಗೆ ಏನೂ ಇರಲಿಲ್ಲ, ಅಷ್ಟೇ.

ಮಧ್ಯಾಹ್ನ ಕೆರೆ ದಡದಲ್ಲಿ ತಂಗಿದೆವು. ಹನ್ನೊಂದು ಸಲ ಈ ದಾರಿ ತುಳಿದ ನನ್ನ ಬಾವ, ಗಂಡನ ಅಣ್ಣ ಸಿದ್ದರಾಮೇಶ, ಎಲ್ಲರ ಬುತ್ತಿ ಒಂದೇ ಚೀಲಕ್ಕೆ ತುಂಬಿ, ನೂರು ಹೆಜ್ಜೆ ಆಚೆಯ ಮರದ ಎತ್ತರದ ಕೊಂಬೆಗೆ ಹಗ್ಗದಿಂದ ಎಳೆದು ಕಟ್ಟುತ್ತಿದ್ದರು.

"ನಿನ್ನ ಗಂಟೂ ಕೊಡವ್ವ ಗಂಗಾ. ಬೆಲ್ಲದ ವಾಸನಿಗೆ ಕರಡಿ ಎಲ್ಲಿದ್ರೂ ಬರತೈತಿ."

"ಚೀಲದಾಗ ಎಂಜಲ ಬುತ್ತಿ ಐತ್ರಿ ಬಾವ. ಮೀಸಲು ಅದಕ್ಕ ತಾಕಬಾರದು."

"ಕಾಡಾಗ ಮಡಿ ಎಲ್ಲಿಂದ ತರೋದವ್ವ? ಮಲ್ಲಯ್ಯಗ ನಮ್ಮ ಕಷ್ಟ ಗೊತ್ತಾಗತೈತಿ."

"ಅದು ಆಗಂಗಿಲ್ರಿ."

ಉಂಡಿ ಕಟ್ಟಿದ ದಿನ, ಹಾಸಿಗೆ ಹಿಡಿದಿದ್ದ ನನ್ನ ಗಂಡ ಕೇಳಿದ್ದರು: "ಒಂದ ಉಂಡಿ ಕೊಡು ಗಂಗಾ. ಬಾಯಿ ಕೆಟ್ಟೈತಿ." ಮಲ್ಲಯ್ಯನಿಗೆ ಮುಟ್ಟಲಿ, ಆಮೇಲೆ ತಿನ್ನುವಿರಂತೆ ಎಂದಿದ್ದೆ. ನಕ್ಕರು. ಮೂರನೇ ದಿನ ಹೋದರು. ಗಂಟು ಮೈಲಿಗೆಯಾಗದೆ ಗುಡಿ ಮುಟ್ಟಿದರೆ ಮಾತ್ರ ನಾನು ಅವರಿಗೆ ಇಲ್ಲವೆಂದದ್ದು ಸರಿಯಾದೀತು. ಅದಕ್ಕೇ ನಡೆಯುತ್ತಿದ್ದೆ.

ಗಂಟನ್ನು ನನ್ನಿಂದ ಹತ್ತು ಹೆಜ್ಜೆ ದೂರದ ಗಿಡಕ್ಕೆ, ಕೈಗೆಟಕುವಷ್ಟು ಎತ್ತರದಲ್ಲಿ ಕಟ್ಟಿ ಒರಗಿದೆ. ಕೂಗಾಟಕ್ಕೆ ಕಣ್ಣು ಬಿಟ್ಟಾಗ ಕರಡಿ ಎರಡು ಕಾಲ ಮೇಲೆ ನಿಂತು ಬಟ್ಟೆ ಹರಿಯುತ್ತಿತ್ತು. ಬಾವ ನನ್ನ ರಟ್ಟೆ ಹಿಡಿದು ಹಿಂದಕ್ಕೆಳೆದರು. ಎಲ್ಲರೂ ತಾಟು ಬಡಿದರು. ಅದಕ್ಕೆ ಯಾವ ಅವಸರವೂ ಇರಲಿಲ್ಲ. ಕೂತು ತಿಂದಿತು. ನಾನು ಹೆದರಬೇಕಿತ್ತು, ಆಗಲಿಲ್ಲ. ಕರಡಿ ಬಾಯಿ ನೆಕ್ಕಿಕೊಂಡು ಕಾಡಿನೊಳಗೆ ನಡೆದುಹೋಯಿತು.

ಬಾವ ಹರಿದ ಬಟ್ಟೆ ಎತ್ತಿಕೊಂಡು ಅತ್ತರು. ಆಮೇಲೆ ಹುಲ್ಲಿನಲ್ಲಿ ತಡಕಾಡಿ, ಜೊಲ್ಲು ಹತ್ತಿದ ಒಂದು ಉಂಡಿ ತಂದು ನನ್ನ ಅಂಗೈಯಲ್ಲಿಟ್ಟರು. ಗುಡಿಗೆ ಅದು ಸಲ್ಲದು ಎಂದು ಅವರಿಗೂ ಗೊತ್ತಿತ್ತು.

"ಒಂದರ ಉಳೀತಲ್ಲವ್ವ" ಎಂದರು.

"ಅವರೂ ಒಂದ ಕೇಳಿದ್ರು ಬಾವ" ಎಂದೆ.